ಊರಿನ ಶಾಲೆ ಟ್ರಸ್ಟ್ ಕೈಗೆ: ಸಹಿ ಹಾಕುವ ಮೊದಲು ಒಂಬತ್ತನೇ ಕಲಂ ಓದಿ

ಪ್ರಶ್ನೆ: “ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ನಾನು ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯೆ. ಏಳನೇ ಕ್ಲಾಸಿನವರೆಗೆ 92 ಮಕ್ಕಳಿದ್ದಾರೆ, ಮೇಷ್ಟ್ರು-ಮೇಡಂ ಸೇರಿ ನಾಲ್ಕೇ ಜನ. ಬೆಂಗಳೂರಿನ ಒಂದು ಟ್ರಸ್ಟ್‌ನವರು ಬಂದು, ‘ಹತ್ತು ವರ್ಷಕ್ಕೆ ಶಾಲೆ ನಮ್ಮ ಕೈಗೆ ಕೊಡಿ. ಫೀಸಿಲ್ಲ, ಇಂಗ್ಲಿಷ್ ಮೀಡಿಯಂ ಮಾಡ್ತೀವಿ, ವ್ಯಾನ್ ಬಿಡ್ತೀವಿ. ಮಗುವಿಗೆ ಇಷ್ಟು ಅಂತ ಸರ್ಕಾರದಿಂದ ದುಡ್ಡು ನಾವು ತರಿಸ್ಕೋತೀವಿ’ ಅಂದರು. ಅಮೆರಿಕದ ಚಾರ್ಟರ್ ಶಾಲೆ ಥರ ಅಂತೆ. ಅಲ್ಲಿರುವ ನಮ್ಮ ಭಾವನ ಮಗನೂ ಫೋನಿನಲ್ಲಿ ‘ಸುಮ್ನೆ ಒಪ್ಕೊಳ್ಳಿ ಚಿಕ್ಕಮ್ಮ, ಇಲ್ಲಿ ಆ ಸ್ಕೂಲಿಗೆ ಸೀಟು ಸಿಗೋದೇ ಕಷ್ಟ’ ಅಂದ. ಮೇಷ್ಟ್ರುಗಳು ಒಪ್ಪುತ್ತಿಲ್ಲ. ಅವರಿಗೆ ಕೆಲಸ ಹೋಗೋ ಭಯ ಅಂತ ಊರಲ್ಲಿ ಮಾತು. ಒಪ್ಪದಿದ್ದರೆ ಮಕ್ಕಳು ಕಮ್ಮಿಯಾಗಿ ಶಾಲೆಯೇ ಮುಚ್ಚುತ್ತೆ ಅಂತಲೂ ಹೆದರಿಸ್ತಾರೆ. ಮುಂದಿನ ಸಭೆಯಲ್ಲಿ ಠರಾವಿಗೆ ಸಹಿ ಕೇಳಿದ್ದಾರೆ. ಕರಾರು ಇಂಗ್ಲಿಷಿನಲ್ಲಿದೆ. ಒಂದು ಪುಟದ ಫೋಟೋ ಕಳಿಸಿದ್ದೀನಿ. ಸಹಿ ಹಾಕಲೋ ಬೇಡವೋ?”

ಉತ್ತರ: ಫೋಟೋ ಕಳಿಸಿ ಒಳ್ಳೇದು ಮಾಡಿದಿರಿ ತಾಯಿ. ಆ ಪುಟದಲ್ಲಿ ಒಂಬತ್ತನೇ ಕಲಂ ಇದೆ. ನನ್ನ ಮಟ್ಟಿಗೆ ಇಡೀ ವಿಷಯ ಅಲ್ಲೇ ಕೂತಿದೆ. ಆಮೇಲೆ ಅದಕ್ಕೆ ಬರುತ್ತೇನೆ.

ನಿಮಗೆ ಎರಡು ಭಯ ಇದೆ. ಶಾಲೆ ಸುಧಾರಿಸುವ ಅವಕಾಶ ಕೈತಪ್ಪೀತು ಅನ್ನೋದು ಒಂದು, ಶಾಲೆಯೇ ಕೈತಪ್ಪೀತು ಅನ್ನೋದು ಇನ್ನೊಂದು. ಎರಡಕ್ಕೂ ಕಾರಣ ಇದೆ. ನಾನು ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಮೇಷ್ಟ್ರಾಗಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗಿ, ಕೊನೆಗೆ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ನಲ್ಲಿ, ಒಟ್ಟು 34 ವರ್ಷ ಕೆಲಸ ಮಾಡಿದವನು. ಇಲಾಖೆಯ ಅನ್ನ ತಿಂದವನು ಇಲಾಖೆ ಪರವೇ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಇಲಾಖೆಯ ಹುಳುಕನ್ನೂ ಹೇಳುತ್ತೇನೆ.

ಮೊದಲು ಚಾರ್ಟರ್ ಶಾಲೆ ಅಂದರೇನು ಅಂತ ನೋಡೋಣ. ಅದು ಫೀಸು ತಗೊಳ್ಳುವ ಕಾನ್ವೆಂಟ್ ಅಲ್ಲ. ದುಡ್ಡು ಸರ್ಕಾರದ್ದು, ನಡೆಸುವುದು ಬೇರೆಯವರು. ಆಡಳಿತ ಮಂಡಳಿ ಸರ್ಕಾರದ ಜೊತೆ ಕರಾರು ಮಾಡಿಕೊಳ್ಳುತ್ತದೆ. ಇಷ್ಟು ವರ್ಷದಲ್ಲಿ ಇಂಥ ಫಲಿತಾಂಶ ತೋರಿಸುತ್ತೇವೆ, ಅದಕ್ಕೆ ಬದಲಾಗಿ ಕೆಲವು ನಿಯಮಗಳಿಂದ ನಮಗೆ ವಿನಾಯಿತಿ ಕೊಡಿ ಅಂತ. ಆ ಕರಾರಿಗೇ ಚಾರ್ಟರ್ ಅನ್ನುವುದು. ಫಲಿತಾಂಶ ಬರದಿದ್ದರೆ ಶಾಲೆ ಮುಚ್ಚಿಸಬಹುದು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ. ನಿಮ್ಮ ಭಾವನ ಮಗ ಹೇಳಿದ್ದು ಇದನ್ನೇ ಇರಬೇಕು. ಇದಕ್ಕೆ ಮೊದಲ ಕಾಯ್ದೆ ಬಂದದ್ದು 1991ರಲ್ಲಿ, ಮಿನೆಸೋಟ ರಾಜ್ಯದಲ್ಲಿ. ಮರುವರ್ಷ ಅಲ್ಲಿನ ಸೇಂಟ್ ಪಾಲ್ ಊರಿನಲ್ಲಿ ಮೊದಲ ಶಾಲೆ ಶುರುವಾಯಿತು.

ಈ ವಿಚಾರವನ್ನ ಅಮೆರಿಕದಲ್ಲಿ ಮನೆಮಾತು ಮಾಡಿದವರು ಉದ್ಯಮಿಗಳಲ್ಲ, ಶಿಕ್ಷಕರ ಸಂಘದ ನಾಯಕ. ಆಲ್ಬರ್ಟ್ ಶಾಂಕರ್ ಅಂತ. 1988ರಲ್ಲಿ ಅವರು ಹೇಳಿದ್ದು ಇಷ್ಟು: ಕೆಲವು ಶಿಕ್ಷಕರು ಸೇರಿ ಹೊಸ ರೀತಿಯಲ್ಲಿ ಕಲಿಸಿ ನೋಡಲಿ, ಅದಕ್ಕೆ ಇಲಾಖೆ ಅಡ್ಡ ಬರಬಾರದು. ಬೇರೆ ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನೇ ಕರೆದು ಪ್ರಯೋಗ ಮಾಡಲಿ. ಕೆಲವೇ ವರ್ಷದಲ್ಲಿ ಶಿಕ್ಷಕರ ಪ್ರಯೋಗ ಹೋಗಿ ಶಾಲೆ ನಡೆಸುವ ಕಂಪನಿಗಳು ಬಂದವು. ಶಾಂಕರ್ ಅವರೇ ಇದರ ವಿರುದ್ಧ ಮಾತಾಡತೊಡಗಿದರು.

ಇದನ್ನ ಓದುವಾಗೆಲ್ಲ ನನಗೆ ಎಚ್.ಡಿ. ಕೋಟೆ ನೆನಪಾಗುತ್ತದೆ. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕಾರ್ಡು, ಮೆಟ್ಟಿಲು, ಹಾಡು, ಕಥೆ ಎಲ್ಲ ಸೇರಿಸಿ ‘ನಲಿ-ಕಲಿ’ ಕಟ್ಟಿದರು. ಯುನಿಸೆಫ್ ನೆರವು ಕೊಟ್ಟಿತು. ಮುಂದೆ ಅದು ಇಡೀ ರಾಜ್ಯಕ್ಕೆ ಹರಡಿತು. ನಿಮ್ಮ ಮಗಳು ಒಂದನೇ ಕ್ಲಾಸಿನಲ್ಲಿ ನೆಲದ ಮೇಲೆ ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ಕಲಿತಿರುತ್ತಾಳೆ, ಅಲ್ವಾ? ಅದು ಹುಟ್ಟಿದ್ದು ನಮ್ಮದೇ ಕಾಡಂಚಿನ ತಾಲ್ಲೂಕಿನಲ್ಲಿ. ಅದಕ್ಕೆ ಯಾರೂ ಶಾಲೆಯನ್ನ ಯಾರ ಕೈಗೂ ಬರೆದುಕೊಡಬೇಕಾಗಲಿಲ್ಲ. ಶಾಂಕರ್ ಕೇಳಿದ್ದು ಹೆಚ್ಚು ಕಮ್ಮಿ ಇದನ್ನೇ.

ಇನ್ನು, ಚಾರ್ಟರ್ ಶಾಲೆಯಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಅನ್ನೋದು ನಿಜವೇ? ಕೆಲವು ಕಡೆ ನಿಜ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಸಂಸ್ಥೆ 2009ರಲ್ಲಿ 16 ರಾಜ್ಯಗಳ ಲೆಕ್ಕ ತೆಗೆಯಿತು. ಗಣಿತದಲ್ಲಿ ನೂರಕ್ಕೆ 17 ಚಾರ್ಟರ್ ಶಾಲೆಗಳು ಸರ್ಕಾರಿ ಶಾಲೆಗಿಂತ ಮುಂದಿದ್ದವು, 37 ಹಿಂದಿದ್ದವು, ಉಳಿದ 46ರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದೇ ಸಂಸ್ಥೆ 2023ರಲ್ಲಿ ಮತ್ತೆ ನೋಡಿದಾಗ ಚಾರ್ಟರ್ ಮಕ್ಕಳು ಓದಿನಲ್ಲಿ ವರ್ಷಕ್ಕೆ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಕಲಿಕೆ ಮುಂದಿದ್ದರು. ಕೆಟ್ಟದ್ದನ್ನ ಮುಚ್ಚಿ, ಒಳ್ಳೇದನ್ನ ಬೆಳೆಸಿದ್ದರಿಂದ ಸುಧಾರಿಸಿತು ಅಂತ ಪರವಾಗಿರುವವರು ಹೇಳುತ್ತಾರೆ. ಇರಬಹುದು. ಬಾಸ್ಟನ್ ನಗರದ ಚಾರ್ಟರ್ ಶಾಲೆಗಳು ನಿಜಕ್ಕೂ ಚೆನ್ನಾಗಿವೆ. ಆನ್‌ಲೈನ್ ಚಾರ್ಟರ್ ಶಾಲೆಗಳದ್ದು ಮಾತ್ರ ಕೇಳಬೇಡಿ, ಮಕ್ಕಳು ತೀರಾ ಹಿಂದೆ ಬಿದ್ದರು.

ವಿಚಿತ್ರ ನೋಡಿ, ಬಾಸ್ಟನ್ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. 2016ರಲ್ಲಿ ಅಲ್ಲಿ ವರ್ಷಕ್ಕೆ ಇನ್ನೂ 12 ಚಾರ್ಟರ್ ಶಾಲೆಗೆ ಅವಕಾಶ ಕೊಡೋಣವೇ ಅಂತ ಜನರ ಮುಂದೆ ಮತಕ್ಕೆ ಇಟ್ಟರು. ನೂರಕ್ಕೆ 62 ಜನ ಬೇಡ ಅಂದರು. ಶಾಲೆ ಚೆನ್ನಾಗಿದೆ ಅಂತ ಗೊತ್ತಿದ್ದೂ ಯಾಕೆ ಬೇಡ ಅಂದರು? ಅಷ್ಟು ಜನ ಎಲ್ಲಿಂದ ಮೇಷ್ಟ್ರುಗಳಾಗಿರುತ್ತಾರೆ! ಅವರ ಮುಖ್ಯ ಚಿಂತೆ ಉಳಿದ ಶಾಲೆಗಳ ದುಡ್ಡು. ಮಗು ಹೋದ ಕಡೆಗೆ ದುಡ್ಡೂ ಹೋಗುತ್ತದೆ. ಅದನ್ನ ನಿಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ.

ನಿಮ್ಮಿಂದ ಎರಡು ಕಿಲೋಮೀಟರ್ ಆಚೆ ಒಂದು ಕಿರಿಯ ಪ್ರಾಥಮಿಕ ಶಾಲೆ ಇದೆ ಅಂತಿಟ್ಟುಕೊಳ್ಳಿ. ಒಂದರಿಂದ ಐದಕ್ಕೆ 64 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 61ರಿಂದ 90 ಮಕ್ಕಳಿಗೆ ಮೂರು ಶಿಕ್ಷಕರು, 60ರವರೆಗೆ ಇಬ್ಬರು. ಟ್ರಸ್ಟ್‌ನವರ ವ್ಯಾನು ಆ ಊರಿಗೂ ಹೋಗುತ್ತದೆ. ಒಂದನೇ ಕ್ಲಾಸಿನಿಂದ ಇಬ್ಬರು, ಎರಡರಿಂದ ಒಬ್ಬ, ಹೀಗೆ ಒಟ್ಟು ಎಂಟು ಮಕ್ಕಳು ವ್ಯಾನು ಹತ್ತುತ್ತಾರೆ. ಉಳಿದವರು 56. ಅಲ್ಲಿಗೆ ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಅಂತ ಪಟ್ಟಿಗೆ ಬರುತ್ತಾರೆ, ವರ್ಗಾವಣೆಯ ಕೌನ್ಸೆಲಿಂಗ್ ನಡೆದು ಬೇರೆ ಊರಿಗೆ ಹೋಗುತ್ತಾರೆ. ಇನ್ನು ಐದು ಕ್ಲಾಸಿಗೆ ಇಬ್ಬರು. ಕೊಠಡಿ ಕಮ್ಮಿಯಾಗಲಿಲ್ಲ, ಕರೆಂಟು ಬಿಲ್ಲು ಕಮ್ಮಿಯಾಗಲಿಲ್ಲ, ಕಲಿಸುವ ಪಾಠ ಕಮ್ಮಿಯಾಗಲಿಲ್ಲ. ಕೈ ಮಾತ್ರ ಕಮ್ಮಿಯಾಯಿತು. ಮರುವರ್ಷ ಇನ್ನಷ್ಟು ಅಪ್ಪ-ಅಮ್ಮಂದಿರು ‘ಇಬ್ಬರೇ ಮೇಷ್ಟ್ರಂತೆ’ ಅಂತ ಮಗುವನ್ನ ವ್ಯಾನಿಗೆ ಹತ್ತಿಸುತ್ತಾರೆ. ನಿಮ್ಮ ಶಾಲೆ ಬೆಳೆಯಿತು ಅಂತ ಪೇಪರಿನಲ್ಲಿ ಫೋಟೋ ಬರುತ್ತದೆ. ಪಕ್ಕದ ಊರಿನ ಶಾಲೆ ಯಾಕೆ ಸೊರಗಿತು ಅಂತ ಯಾರೂ ಬರೆಯುವುದಿಲ್ಲ.

ಹಾಗಾದರೆ ನಿಮ್ಮ ಮೇಷ್ಟ್ರುಗಳಿಗೆ ಕೆಲಸದ ಚಿಂತೆ ಇಲ್ಲವೇ? ಖಂಡಿತ ಇದೆ. ಅದನ್ನ ಮುಚ್ಚಿಡುವುದು ಯಾಕೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ಹೆಚ್ಚುಕಡಿಮೆ ಎಲ್ಲ ಸರ್ಕಾರಿ ಶಾಲೆಗಳನ್ನೂ ಚಾರ್ಟರ್ ಮಾಡಿದರು. ಏಳು ಸಾವಿರಕ್ಕೂ ಜಾಸ್ತಿ ಶಾಲಾ ನೌಕರರು ಕೆಲಸ ಕಳೆದುಕೊಂಡರು. ಮುಂದೆ ಅಂಕಗಳು ಏರಿದವು ಅನ್ನೋದೂ ನಿಜ. ನಮ್ಮಲ್ಲಿ ಸರ್ಕಾರಿ ಮೇಷ್ಟ್ರಿಗೆ ಕೆಲಸ ಹೋಗುವುದಿಲ್ಲ, ವರ್ಗಾವಣೆ ಆಗುತ್ತದೆ. ಬೀದಿಗೆ ಬೀಳುವವರು ಅತಿಥಿ ಶಿಕ್ಷಕಿ, ಬಿಸಿಯೂಟದ ಅಡುಗೆಯವರು. ನಿಮ್ಮ ಕರಾರಿನಲ್ಲಿ ಅಡುಗೆಯಮ್ಮನ ಹೆಸರು ಎಲ್ಲಾದರೂ ಇದೆಯಾ ನೋಡಿ. ಸ್ವಂತ ಲಾಭಕ್ಕೆ ವಿರೋಧಿಸುವವರ ಮಾತಿನಲ್ಲೂ ಸತ್ಯ ಇರಬಹುದು. ಮಾತನ್ನ ತೂಗಿ, ಆಡಿದವರನ್ನಲ್ಲ.

ಟ್ರಸ್ಟ್ ಬಂದರೆ ಶಾಲೆ ಖಾಸಗಿ ಆಗಿಬಿಡುತ್ತೆ, ಜಾಗ ಮಾರಿಬಿಡ್ತಾರೆ ಅನ್ನೋ ಮಾತೂ ಊರಲ್ಲಿ ಓಡಾಡುತ್ತಿರಬೇಕು. ಅದು ಅತಿಯಾಯಿತು. ನಡೆಸಲು ಕೊಟ್ಟ ಮಾತ್ರಕ್ಕೆ ಖಾತೆ ಬದಲಾಗುವುದಿಲ್ಲ. ಆದರೂ ಜನ ಹೆದರುವುದು ಸುಮ್ಮನೆ ಅಲ್ಲ. ಮೈಸೂರಿನ ನಾರಾಯಣ ಶಾಸ್ತ್ರಿ ರಸ್ತೆಯ ಮಹಾರಾಣಿ ಎನ್‌ಟಿಎಂ ಶಾಲೆಯ ಜಾಗಕ್ಕೆ ವರ್ಷಗಟ್ಟಲೆ ಜಗ್ಗಾಟ ನಡೆದು, 2022ರಲ್ಲಿ ಕಟ್ಟಡ ಕೆಡವಿದರು. ಅದು ವಿವೇಕಾನಂದ ಸ್ಮಾರಕ ಕಟ್ಟುವ ವಿಷಯ, ಚಾರ್ಟರ್ ವಿಷಯವಲ್ಲ. ಜನರ ನೆನಪು ಹಾಗೆಲ್ಲ ವಿಂಗಡಿಸಿ ಇಟ್ಟುಕೊಳ್ಳುವುದಿಲ್ಲ ಅಷ್ಟೇ.

ಈಗ ಒಂಬತ್ತನೇ ಕಲಂ. ಕನ್ನಡದಲ್ಲಿ ಅದರ ತಾತ್ಪರ್ಯ: ‘ಪ್ರತಿ ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು ಎಂಬುದನ್ನು ನಿರ್ವಹಣಾ ಸಂಸ್ಥೆಯೇ ನಿಗದಿಪಡಿಸುವುದು, ಅದರಂತೆ ದಾಖಲಾತಿಯನ್ನು ನಿಯಂತ್ರಿಸುವುದು.’ ಓದಲು ಎಷ್ಟು ಸಭ್ಯವಾಗಿದೆ. ಕ್ಲಾಸಿನಲ್ಲಿ ಮಕ್ಕಳು ಕಮ್ಮಿ ಇದ್ದರೆ ಪಾಠ ಚೆನ್ನಾಗಿ ಆಗುತ್ತೆ ಅಂತ ಅವರು ಸಮಜಾಯಿಷಿ ಕೊಡುತ್ತಾರೆ. ಸರಿ. ಕ್ಲಾಸಿಗೆ ಮೂವತ್ತು ಅಂತ ಇಟ್ಟರು ಅಂದುಕೊಳ್ಳಿ. ಮೂವತ್ತೊಂದನೇ ಮಗು ಬಾಗಿಲಿಗೆ ಬಂದರೆ?

ನಿಮ್ಮ ಕಡೆ ಕಬ್ಬು ಕಟಾವು ಶುರುವಾದರೆ ಬಳ್ಳಾರಿ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಗದ್ದೆ ಬದಿಯಲ್ಲಿ ಗುಡಾರ ಹಾಕುತ್ತಾರೆ. ನಾನು ಬಿಇಒ ಆಗಿದ್ದಾಗ ಒಂದು ಡಿಸೆಂಬರ್‌ನಲ್ಲಿ ಅಂಥ ಗುಡಾರದಿಂದ ಒಂಬತ್ತು ಮಕ್ಕಳನ್ನ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದೆವು. ಟೀಸಿ ಇಲ್ಲ, ಆಧಾರ್ ಇಲ್ಲ. ಒಬ್ಬ ಹುಡುಗನ ಅಂಗೈಯಲ್ಲಿ ಕಬ್ಬಿನ ಗರಿ ಕೊಯ್ದ ಗೀರುಗಳು, ಸ್ಲೇಟು ಹಿಡಿದರೆ ಉರಿಯುತ್ತೆ ಅಂತಿದ್ದ. ಹೆಡ್‌ಮೇಡಂ ಮುಖ ಸಿಂಡರಿಸಿದರು, ಗೊಣಗಿದರು, ಆಮೇಲೆ ದಾಖಲಾತಿ ಪುಸ್ತಕ ತೆಗೆದು ಬರೆದುಕೊಂಡರು. ಯಾಕೆಂದರೆ ಇಲ್ಲ ಅನ್ನುವ ಹಕ್ಕು ಅವರಿಗಿರಲಿಲ್ಲ. ವರ್ಷದ ಮಧ್ಯೆ ಬಂದ ಮಗುವನ್ನೂ ವಾಪಸು ಕಳಿಸುವ ಹಾಗಿಲ್ಲ, ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಅದನ್ನೇ.

ಫಲಿತಾಂಶದ ಮೇಲೆ ಕರಾರು ನಿಂತಿರುವ ಸಂಸ್ಥೆಗೆ ಆ ಒಂಬತ್ತು ಮಕ್ಕಳು ಭಾರ. ಸಂಸ್ಥೆಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹಾಗೆ ಮಾಡಿಸುತ್ತದೆ. ಆಫ್ರಿಕಾದ ಲೈಬೀರಿಯಾದಲ್ಲಿ 2016ರಲ್ಲಿ 93 ಸರ್ಕಾರಿ ಶಾಲೆಗಳನ್ನ ಎಂಟು ಸಂಸ್ಥೆಗಳಿಗೆ ನಡೆಸಲು ಕೊಟ್ಟರು. ಒಂದು ವರ್ಷ ಕಳೆದ ಮೇಲೆ ಅಳೆದರು. ಕಲಿಕೆ ಏರಿತ್ತು, ಅದನ್ನ ಒಪ್ಪಲೇಬೇಕು. ಆದರೆ ಖರ್ಚೂ ಏರಿತ್ತು. ಒಂದು ಸಂಸ್ಥೆ ಕ್ಲಾಸಿಗೆ ಇಷ್ಟೇ ಮಕ್ಕಳು ಅಂತ ಮಿತಿ ಹಾಕಿ ಮಿಕ್ಕ ಮಕ್ಕಳನ್ನ ಹೊರಗೆ ಕಳಿಸಿತ್ತು, ಬೇಡದ ಶಿಕ್ಷಕರನ್ನೂ ಸರ್ಕಾರಕ್ಕೆ ವಾಪಸು ಮಾಡಿತ್ತು. ಅವರ ಶಾಲೆ ಚೆನ್ನಾಯಿತು. ಆ ಮಕ್ಕಳು ಎಲ್ಲಿಗೋ ಹೋಗಲೇಬೇಕಿತ್ತಲ್ಲ. ನಿಮ್ಮ ಒಂಬತ್ತನೇ ಕಲಂ ಅದರದೇ ತಮ್ಮ.

ಇಷ್ಟಕ್ಕೂ ಸರ್ಕಾರದ ದುಡ್ಡು, ಖಾಸಗಿ ಆಡಳಿತ ಅನ್ನೋದು ನಮಗೇನು ಹೊಸದಲ್ಲ. ನಮ್ಮ ಅನುದಾನಿತ ಶಾಲೆಗಳು ಮತ್ತೇನು? ಮಠಗಳು, ಮಿಷನ್‌ನವರು, ಊರಿನ ದೊಡ್ಡವರು ಶಾಲೆ ಕಟ್ಟಿದರು, ಸರ್ಕಾರ ಸಂಬಳ ಕೊಟ್ಟಿತು. ಮಂಡ್ಯ-ಮೈಸೂರಿನಲ್ಲಿ ಎಷ್ಟೋ ಜನ ಓದಿ ಮೇಲೆ ಬಂದದ್ದು ಅಂಥ ಹೈಸ್ಕೂಲುಗಳಿಂದ. ಆಮೇಲೆ ಏನಾಯಿತು? ಮೇಷ್ಟ್ರು ನಿವೃತ್ತರಾದರು, ಆ ಹುದ್ದೆ ತುಂಬಲು ಸರ್ಕಾರ ಅನುಮತಿ ಕೊಡದೆ ಎಳೆಯಿತು. ಆಡಳಿತ ಮಂಡಳಿ ‘ಸರ್ಕಾರ ಕೊಡ್ತಿಲ್ಲ’ ಅಂತು, ಇಲಾಖೆ ‘ನಿಮ್ಮ ಶಾಲೆ, ನೀವು ನೋಡ್ಕೊಳ್ಳಿ’ ಅಂತು. ಮಗುವಿನ ಅಪ್ಪ ಇಬ್ಬರ ನಡುವೆ ಓಡಾಡಿದ. ಯಜಮಾನರು ಇಬ್ಬರಾದರೆ ಹೊಣೆ ಯಾರದೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ಚಾರ್ಟರ್ ಕಾಯ್ದೆಯನ್ನ ರದ್ದು ಮಾಡಿದ್ದೂ ಇದರ ಹತ್ತಿರದ ಕಾರಣಕ್ಕೇ: ಜನ ಆರಿಸಿದ ಮಂಡಳಿಯ ಹಿಡಿತದಲ್ಲಿ ಇಲ್ಲದ ಶಾಲೆ ‘ಸಾರ್ವಜನಿಕ ಶಾಲೆ’ ಅಲ್ಲ, ಅದಕ್ಕೆಂದೇ ಇಟ್ಟ ದುಡ್ಡು ಅದಕ್ಕೆ ಸಲ್ಲದು ಅಂತ.

ನಿಮ್ಮ ಪತ್ರದಲ್ಲಿ ‘ಸಹಿ’ ಅಂತ ಬರೆದಿದ್ದೀರಿ. ನಮ್ಮಲ್ಲಿ ಚಾರ್ಟರ್ ಶಾಲೆ ಅನ್ನುವ ಕಾಯ್ದೆಯೇ ಇಲ್ಲ. ಸರ್ಕಾರಿ ಶಾಲೆಯನ್ನ ಇನ್ನೊಬ್ಬರಿಗೆ ನಡೆಸಲು ಕೊಡುವ ಅಧಿಕಾರ ಎಸ್‌ಡಿಎಂಸಿಗೂ ಇಲ್ಲ, ಹೆಡ್‌ಮಾಸ್ಟರಿಗೂ ಇಲ್ಲ. ಅದು ಸರ್ಕಾರದ ಮಟ್ಟದ ತೀರ್ಮಾನ. ಹಾಗಂತ ನಿಮ್ಮ ಠರಾವು ಬರೀ ಕಾಗದ ಅಂತ ತಿಳಿಯಬೇಡಿ. ‘ಊರಿನವರೇ ಕೇಳಿದ್ದಾರೆ’ ಅಂತ ಅದನ್ನೇ ಹಿಡಿದುಕೊಂಡು ಮೇಲಕ್ಕೆ ಹೋಗುತ್ತಾರೆ. ನೀತಿ ಆಯೋಗ 2017ರಲ್ಲಿ ಇಂಥ ಸಲಹೆ ಕೊಟ್ಟಿತ್ತು, ಖಾಲಿಯಾಗುತ್ತಿರುವ ಸರ್ಕಾರಿ ಶಾಲೆಗಳನ್ನ ಮಗುವಿಗಿಷ್ಟು ಅಂತ ದುಡ್ಡು ಕೊಟ್ಟು ಖಾಸಗಿಯವರಿಗೆ ವಹಿಸುವ ಬಗ್ಗೆ ಯೋಚಿಸಿ ಅಂತ. ರಾಜಸ್ಥಾನ ಅದೇ ವರ್ಷ 300 ಶಾಲೆಗೆ ಹೊರಟು ಶಿಕ್ಷಕರ ವಿರೋಧ ಎದುರಿಸಿತು. ಮುಂಬೈ, ಪುಣೆ ಪಾಲಿಕೆಗಳು ಕೆಲವು ಶಾಲೆಗಳನ್ನ ಆಕಾಂಕ್ಷಾ ಫೌಂಡೇಶನ್ ಅನ್ನುವ ಸೇವಾ ಸಂಸ್ಥೆಗೆ ನಡೆಸಲು ಕೊಟ್ಟಿವೆ, ಅಲ್ಲಿ ಚೆನ್ನಾಗಿ ನಡೆಯುತ್ತಿರುವ ಶಾಲೆಗಳೂ ಇವೆ. ಅಂದರೆ ಮಾತು ಗಾಳಿಯಲ್ಲಿದೆ. ನಿಮ್ಮೂರಿಗೆ ಬಂದದ್ದು ಆಶ್ಚರ್ಯವಲ್ಲ.

ಹಾಗಾದರೆ ಏನು ಮಾಡೋದು? ಬೇಡ ಅಂದು ಸುಮ್ಮನೆ ಕೂತರೆ ಅದಕ್ಕೂ ಬೆಲೆ ತೆರಬೇಕು. 92 ಮಕ್ಕಳು ಅಂದಿದ್ದೀರಿ, ಐದು ವರ್ಷದ ಹಿಂದೆ ಎಷ್ಟಿತ್ತು ಅಂತ ದಾಖಲಾತಿ ಪುಸ್ತಕ ತೆಗೆಸಿ ನೋಡಿ. ಬಹುಶಃ ನೂರು ದಾಟಿತ್ತು. ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಈಗಾಗಲೇ ಊರೊಳಗೆ ಬರುತ್ತಿರುತ್ತವೆ. ಅದಕ್ಕೆ ಇಲಾಖೆಯೂ ಹೊಣೆ. ಮೇಷ್ಟ್ರ ಹುದ್ದೆ ತುಂಬದೆ ಅತಿಥಿ ಶಿಕ್ಷಕಿಗೆ ಪುಡಿಗಾಸು ಕೊಟ್ಟು ದೂಡುತ್ತದೆ. ಎಣಿಕೆ ಅಂದರೆ ಮೇಷ್ಟ್ರು, ಚುನಾವಣೆ ಅಂದರೆ ಮೇಷ್ಟ್ರು. 2025ರಲ್ಲಿ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಆಗ ಪಕ್ಕದ ಖಾಸಗಿ ಶಾಲೆಯವರು ಪಾಠ ಮಾಡಬಹುದಿತ್ತು. ನಿಮ್ಮೂರಿನ ತಾಯಂದಿರಿಗೆ ಇದೆಲ್ಲ ಕಾಣುವುದಿಲ್ಲವೇ?

ಟ್ರಸ್ಟ್‌ಗೆ ಪೂರ್ತಿ ಒಪ್ಪಿಸಿದರೆ ಮೊದಲ ಎರಡು ವರ್ಷ ಚೆನ್ನಾಗೇ ಇರುತ್ತದೆ, ಆಮೇಲಿನದ್ದು ನನಗೆ ಭಯ. ನನ್ನ ತಾಲ್ಲೂಕಿನಲ್ಲಿ ಒಂದು ಸಂಸ್ಥೆ ಶಾಲೆಯೊಂದನ್ನ ದತ್ತು ತಗೊಂಡಿತ್ತು. ಬಣ್ಣ ಬಳಿಸಿದರು, ಸ್ಮಾರ್ಟ್ ಕ್ಲಾಸ್ ಹಾಕಿದರು, ತಾವೇ ಇಬ್ಬರು ಟೀಚರನ್ನ ಇಟ್ಟರು. ಮೂರನೇ ವರ್ಷ ಅವರಿಗೆ ದುಡ್ಡು ಕೊಡುತ್ತಿದ್ದ ಕಂಪನಿ ಕೈ ಎತ್ತಿತು. ಜೂನ್‌ನಲ್ಲಿ ನಾನು ಹೋದಾಗ ಆ ಇಬ್ಬರು ಟೀಚರ್ ಇರಲಿಲ್ಲ. ಸ್ಮಾರ್ಟ್ ಕ್ಲಾಸ್ ಕೋಣೆಗೆ ಬೀಗ. ಕೀಲಿ ಸಂಸ್ಥೆಯ ಹುಡುಗನ ಹತ್ತಿರ, ಅವನ ಫೋನು ಸ್ವಿಚ್ ಆಫ್. ಕಿಟಕಿಯಿಂದ ಇಣುಕಿದರೆ ಪ್ರೊಜೆಕ್ಟರಿಗೆ ಹೆಡ್‌ಮಾಸ್ಟರು ತಮ್ಮ ಮನೆಯ ದಿಂಬಿನ ಚೀಲ ಹೊದಿಸಿದ್ದರು, ಧೂಳು ಕೂರದಿರಲಿ ಅಂತ. ಸರ್ಕಾರದ ಕೊಠಡಿಗೆ ಸರ್ಕಾರದ ಹೆಡ್‌ಮಾಸ್ಟರು ಬೀಗ ಒಡೆಯಲು ಹೆದರಿ ಕೂತಿದ್ದರು. ನಾನೇ ನಿಂತು ಒಡೆಸಿದೆ. ಹತ್ತು ವರ್ಷದ ಕರಾರು ಅಂದಾಗ ನನಗೆ ಆ ದಿಂಬಿನ ಚೀಲವೇ ಕಣ್ಣಿಗೆ ಬರುತ್ತದೆ. ಜೊತೆಗೆ, ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಕೊಡುವ ಆರ್‌ಟಿಇ ಸೀಟಿಗೆ ಸರ್ಕಾರ ಕೊಡಬೇಕಾದ ದುಡ್ಡೇ ಸರಿಯಾದ ಸಮಯಕ್ಕೆ ಬರಲ್ಲ ಅಂತ ಖಾಸಗಿ ಶಾಲೆಯವರು ಗೋಳಾಡುತ್ತಾರೆ. ಮಗುವಿಗಿಷ್ಟು ಅಂತ ಬರಬೇಕಾದ ದುಡ್ಡು ಆರು ತಿಂಗಳು ನಿಂತರೆ ಈ ಟ್ರಸ್ಟ್ ಏನು ಮಾಡುತ್ತದೆ? ಕೇಳಿ ನೋಡಿ.

ಮಧ್ಯದ ದಾರಿ ಇದೆ. ಸಹಾಯ ತಗೊಳ್ಳಿ, ಯಜಮಾನಿಕೆ ಕೊಡಬೇಡಿ. ನಿಮ್ಮ ಮಗಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ ಅಲ್ವಾ? ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು. ಅವರು ಮೊಟ್ಟೆಗೆ ದುಡ್ಡು ಕೊಟ್ಟರು, ಶಾಲೆಯ ಕೀಲಿ ಕೇಳಲಿಲ್ಲ. ಬೇಯಿಸುವುದು ಅದೇ ಅಡುಗೆಯಮ್ಮ, ಬಡಿಸುವುದು ಅದೇ ಶಾಲೆ. ನಿಮ್ಮ ಟ್ರಸ್ಟ್‌ಗೂ ಹಾಗೇ ಹೇಳಿ: ಇಂಗ್ಲಿಷಿಗೆ ಒಬ್ಬ ಟೀಚರ್ ಕೊಡಿ, ವ್ಯಾನ್ ಕೊಡಿ, ಇಲಾಖೆ ಒಪ್ಪಿಗೆಯೊಂದಿಗೆ ಮೂರು ವರ್ಷಕ್ಕೆ ಬರೆದುಕೊಳ್ಳೋಣ. ಹೆಡ್‌ಮಾಸ್ಟರು, ದಾಖಲಾತಿ, ಎಸ್‌ಡಿಎಂಸಿ ಇದ್ದ ಹಾಗೇ ಇರುತ್ತದೆ. ಇದರಲ್ಲೂ ತೊಡಕಿದೆ, ಟ್ರಸ್ಟ್‌ನ ಟೀಚರ್ ಹೆಡ್‌ಮಾಸ್ಟರ ಮಾತು ಕೇಳದೆ ತಾನೇ ಒಂದು ಶಾಲೆ ನಡೆಸುವುದುಂಟು. ಅದನ್ನ ಮೊದಲೇ ಬರೆಸಬೇಕು. ನಿಜಕ್ಕೂ ಮಕ್ಕಳಿಗೆ ಒಳ್ಳೇದು ಮಾಡಲು ಬಂದವರು ಇದಕ್ಕೆ ಒಪ್ಪುತ್ತಾರೆ, ಅಂಥವರನ್ನ ನಾನು ನೋಡಿದ್ದೇನೆ. ಇಡೀ ಶಾಲೆಯೇ ಬೇಕು ಅಂತ ಹಟ ಹಿಡಿದರೆ ಯಾಕೆ ಅಂತ ಸಭೆಯಲ್ಲೇ ಕೇಳಿ.

ಇಂಗ್ಲಿಷ್ ಮೀಡಿಯಂ ಒಂದೇ ಆಸೆಯಾದರೆ ಅದಕ್ಕೆ ಟ್ರಸ್ಟ್ ಬೇಕಿಲ್ಲ. 2019ರಲ್ಲೇ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು, ಈಗ ಕನ್ನಡ-ಇಂಗ್ಲಿಷ್ ಎರಡರಲ್ಲೂ ಕಲಿಸುವ ದ್ವಿಭಾಷಾ ವಿಭಾಗ ಕೇಳಬಹುದು. ಮಕ್ಕಳ ಸಂಖ್ಯೆ, ಕೊಠಡಿ ವಿವರ ಸೇರಿಸಿ ಬಿಇಒ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಕಲಿಸುವವರು ಇಲ್ಲದೆ ಬರೀ ಬೋರ್ಡು ಬದಲಿಸಿದರೆ ಮಗು ಎರಡೂ ಭಾಷೆಯಲ್ಲಿ ತೊದಲುತ್ತದೆ, ಹಾಗಾಗಿ ಟೀಚರನ್ನೂ ಅದೇ ಅರ್ಜಿಯಲ್ಲಿ ಕೇಳಿ.

ಮುಂದಿನ ಸಭೆಯಲ್ಲಿ ಸಹಿ ಹಾಕಬೇಡಿ. ಇಡೀ ಕರಾರು ಕನ್ನಡದಲ್ಲಿ ಬರಲಿ, ಪೋಷಕರ ಸಭೆ ಕರೆದು ಓದಿಸೋಣ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ಎಸ್‌ಡಿಎಂಸಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಕಾಯ್ದೆ ಹೇಳಿರುವುದು ಇಂಥ ದಿನಕ್ಕೇ. ‘ನಾಳೆಯೇ ಬೇಕು, ಆಮೇಲೆ ಅವಕಾಶ ಹೋಗುತ್ತೆ’ ಅಂತ ಯಾರಾದರೂ ಅವಸರ ಮಾಡಿದರೆ ಅವರ ಹೆಸರನ್ನೂ ನಡಾವಳಿಯಲ್ಲಿ ಬರೆಸಿ. ಕನ್ನಡದ ಪ್ರತಿ ಕೈಗೆ ಬಂದ ಮೇಲೆ ನನಗೊಂದು ಕಳಿಸಿ. ಒಂಬತ್ತನೇ ಕಲಂ ಅದರಲ್ಲೂ ಹಾಗೇ ಉಳಿದಿದೆಯಾ ಅಂತ ಮೊದಲು ಅದನ್ನೇ ನೋಡುತ್ತೇನೆ.